ಕೀಲಿ ಅಕ್ಕನ ಮೂರನೇ ಅರ್ಜಿ

ಶುಕ್ರವಾರ ಸಂಜೆ ಐದಕ್ಕೆ ಕಿಟಕಿ ಮುಚ್ಚುತ್ತದೆ. ಆಮೇಲೆ ದೇವರೇ ಬಂದು ಸಾಲಿನಲ್ಲಿ ನಿಂತರೂ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಆ ಕಿಟಕಿಯ ಗುಮಾಸ್ತ ಹಿಂದಿನ ವರ್ಷವೇ ನನ್ನ ಹೆಂಡತಿಗೆ ಹೇಳಿ ಕಳಿಸಿದ್ದ. ಈ ಶುಕ್ರವಾರ ತಪ್ಪಿದರೆ ಅವಳಿಗೆ ಇನ್ನೊಂದು ಶುಕ್ರವಾರ ಇರಲಿಲ್ಲ. ಕ್ಲಿನಿಕಲ್ ಸೈಕಾಲಜಿ ಎಂಬ ದೊಡ್ಡ ಓದಿಗೆ ಆಸ್ಪತ್ರೆಯ ನೌಕರರಿಗೆಂದು ವರ್ಷಕ್ಕೆ ಒಂದೇ ಒಂದು ಸೀಟು. ವಯಸ್ಸು ನಲವತ್ತು ದಾಟಿರಬಾರದು. ಅವಳಿಗೆ ಬರುವ ತಿಂಗಳು ನಲವತ್ತು ತುಂಬುತ್ತಿತ್ತು. ಮೊದಲನೇ ವರ್ಷ ಯಾವುದೋ ಕಾಗದಕ್ಕೆ ಯಾರದೋ ಸಹಿ ಇಲ್ಲವೆಂದು ಅರ್ಜಿ ವಾಪಸ್ ಬಂತು. ಎರಡನೇ ವರ್ಷ ಸಂದರ್ಶನದವರೆಗೂ ಹೋಗಿ ಸೀಟು ಇನ್ನೊಬ್ಬಳ ಪಾಲಾಯಿತು. ಇದು ಮೂರನೆಯದು, ಕೊನೆಯದು.

ಅವಳು ಮಾನಸಿಕ ಆಸ್ಪತ್ರೆಯಲ್ಲಿ ವಾರ್ಡ್ ಅಟೆಂಡರ್. ಇಪ್ಪತ್ತೆರಡನೇ ವಯಸ್ಸಿಗೆ ಸೇರಿದವಳು. ಹಾಸಿಗೆ ಬದಲಿಸುವುದು, ಸ್ನಾನ ಮಾಡಿಸುವುದು, ಮಾತ್ರೆ ನುಂಗಿದ ಮೇಲೆ ನಾಲಿಗೆ ಎತ್ತಿಸಿ ನೋಡುವುದು, ಬಾಗಿಲು ತೆಗೆಯುವುದು, ಹಾಕುವುದು. ಸೊಂಟದಲ್ಲಿ ಹದಿನಾಲ್ಕು ಕೀಲಿಗಳ ಗೊಂಚಲು. ಅದರ ಸದ್ದಿಗೆ ಹೊಸದಾಗಿ ಸೇರಿದವರು ಬೆಚ್ಚುತ್ತಾರೆಂದು ಗೊಂಚಲಿಗೆ ಕರವಸ್ತ್ರ ಸುತ್ತಿಕೊಂಡಿರುತ್ತಾಳೆ. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ. ವಾರ್ಡಿನಲ್ಲಿ ಎಲ್ಲರಿಗೂ, ಡಾಕ್ಟರುಗಳಿಗೂ, ಅವಳು ಕೀಲಿ ಅಕ್ಕ.

ಡಿಗ್ರಿ ಮುಗಿಸಿದ್ದು ಅಂಚೆ ಶಿಕ್ಷಣದಲ್ಲಿ. ಮೂರು ವರ್ಷದ್ದನ್ನು ಒಂಬತ್ತು ವರ್ಷ ಓದಿದಳು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ, ಒಗೆದು ಬಂದ ಹೊದಿಕೆಗಳ ಕಟ್ಟಿನ ಮೇಲೆ ಕೂತು ಓದುವುದು. ಮಧ್ಯಾಹ್ನ ನನ್ನ ಅಂಗಡಿಗೆ ಊಟ ತಂದಾಗ ಅದನ್ನೇ ನನಗೆ ಓದಿ ಹೇಳುವುದು. ನಾನು ಸೋಫಾ ಕೆಲಸದವನು. ಫ್ರೇಮಿಗೆ ಪಟ್ಟಿ ಎಳೆದು, ಸ್ಪ್ರಿಂಗ್ ಕಟ್ಟಿ, ಫೋಮ್ ಹಾಕಿ, ಬಟ್ಟೆ ಬಿಗಿದು ಮೊಳೆ ಹೊಡೆಯುವುದು ನನ್ನ ಕಸುಬು. ಏಳನೇ ಕ್ಲಾಸಿನ ಅರ್ಧದಲ್ಲಿ ಮೇಷ್ಟ್ರ ಮೇಲೆ ಸಿಟ್ಟು ಮಾಡಿಕೊಂಡು ಶಾಲೆ ಬಿಟ್ಟವನಿಗೆ ಈ ಸೈಕಾಲಜಿ ಯಾಕೆ ಎಂದರೆ ಅವಳದು ಒಂದೇ ಉತ್ತರ:

"ನಿಮಗೆ ಅರ್ಥ ಆದ್ರೆ ಪರೀಕ್ಷೆ ಮಾಡೋರಿಗೆ ಆಗೇ ಆಗುತ್ತೆ."

"ಅಂದ್ರೆ ನಾನು ದಡ್ಡ ಅಂತ."

"ದಡ್ಡ ಅಲ್ರೀ. ಅಳತೆ ಕೋಲು."

ಬೀದಿಯಲ್ಲಿ ನನಗಿರುವ ಹೆಸರು ಕುಕ್ಕರ್. ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಸಿಟ್ಟು ಬಂದಾಗ ಎಲ್ಲರೂ ಜಾಗ ಖಾಲಿ ಮಾಡುತ್ತಾರೆ, ಇವಳು ಮಾತ್ರ ಗಡಿಯಾರ ನೋಡುತ್ತಾಳೆ. "ಇವತ್ತು ಆರು ನಿಮಿಷ. ಹೋದ ವಾರ ಒಂಬತ್ತಾಗಿತ್ತು, ಪರವಾಗಿಲ್ಲ" ಎನ್ನುತ್ತಾಳೆ. ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತದೆ. ಆಮೇಲೆ ನಗು ಬರುತ್ತದೆ.

ಈ ಸಲದ ಅರ್ಜಿಯಲ್ಲಿ ಹೊಸದೊಂದು ಸೇರಿಸಿದ್ದರು. ನೀವು ಹತ್ತಿರದಿಂದ ಕಂಡ ಒಬ್ಬ ರೋಗಿಯ ಬಗ್ಗೆ ಐದು ಪುಟ ಬರೆಯಿರಿ, ಅವರು ಯಾರೆಂದು ಯಾರಿಗೂ ತಿಳಿಯದಂತೆ ಬರೆಯಿರಿ, ಹಾಗೆ ಬರೆದಿದ್ದೇನೆ ಎಂದು ಅರ್ಜಿಯ ಕೆಳಗೆ ಸಹಿ ಮಾಡಿ. ಅವಳು ಒಂದು ತಿಂಗಳು ಕೂತು ಬರೆದಳು. ಅಷ್ಟು ದಿನ ನನಗೆ ಒಂದು ಸಾಲೂ ತೋರಿಸಲಿಲ್ಲ. ಶುಕ್ರವಾರ ರಜೆ ಹಾಕಿ, ಅರ್ಜಿಯ ಜೊತೆ ಎಲ್ಲ ಕಾಗದಗಳನ್ನೂ ಒಂದು ಫೈಲಿನಲ್ಲಿ ಜೋಡಿಸಿಕೊಂಡು, ಒಂದೂವರೆಗೆ ಊಟದ ಡಬ್ಬಿಯೊಡನೆ ಅಂಗಡಿಗೆ ಬಂದಳು.

ಅಂದು ಬೆಳಗ್ಗೆಯೇ ನಾನು ಬೀದಿಯಲ್ಲಿ ಒಂದು ಜಗಳ ಮಾಡಿ ಮುಗಿಸಿದ್ದೆ. ನನ್ನಿಂದ ಹನ್ನೆರಡು ಅಂಗಡಿ ಆಚೆ ಇನ್ನೊಬ್ಬ ಸೋಫಾ ಮೇಸ್ತ್ರಿ ಇದ್ದಾನೆ, ಎಲ್ಲರೂ ಅವನನ್ನು ಎಡಗೈ ಎನ್ನುತ್ತಾರೆ. ಆರು ತಿಂಗಳ ಹಿಂದೆ ಒಂದು ಸಭಾಂಗಣದ ಇನ್ನೂರು ಕುರ್ಚಿಗಳ ಕೆಲಸವನ್ನು ಇಬ್ಬರೂ ಸೇರಿ ಒಪ್ಪಿಕೊಂಡಿದ್ದೆವು. ನಾಲ್ಕನೇ ದಿನ ಅವನು ಮಾಯ. ತಂಗಿಯ ಮನೆಗೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ ಎಂದು ಅವನ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿ ಕಳಿಸಿದಳು. ಉಳಿದ ನೂರ ಐವತ್ತು ಕುರ್ಚಿಗಳನ್ನು ನಾನೊಬ್ಬನೇ ಮಾಡಬೇಕಾಯಿತು. ಉದ್ಘಾಟನೆಯ ದಿನ ಹನ್ನೊಂದು ಕುರ್ಚಿ ಬಾಕಿ ಉಳಿದು, ಸಭಾಂಗಣದ ಮ್ಯಾನೇಜರ್ ಎಲ್ಲರ ಎದುರಿಗೆ ನನ್ನ ಮಾನ ಹರಾಜು ಹಾಕಿದ. ಎರಡು ತಿಂಗಳ ಮೇಲೆ ಎಡಗೈ ಏನೂ ಆಗದವನಂತೆ ಬಂದು ಅಂಗಡಿ ತೆಗೆದ. ಅಂದಿನಿಂದ ಅವನ ಮುಖ ಕಂಡರೆ ನನಗೆ ಮೈಯೆಲ್ಲ ಉರಿ. ಆ ಬೆಳಗ್ಗೆ ಅವನ ಫೋಮಿನ ಗಾಡಿ ನನ್ನ ಬಾಗಿಲಿಗೆ ಅಡ್ಡ ನಿಂತಿತ್ತು. "ಗಾಡಿ ತೆಗಿಯೋ, ಓಡಿಹೋಗೋದ್ರಲ್ಲಿ ನೀನು ಎತ್ತಿದ ಕೈ ಅಲ್ವಾ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಎಂದಿನಂತೆ ಅವನು ಉತ್ತರ ಕೊಡಲಿಲ್ಲ. ಮುಖ ಮಾತ್ರ ಕಪ್ಪಿಟ್ಟಿತು.

ಅವನ ವಿಷಯ ಇಲ್ಲಿ ಬರೆಯುವುದಕ್ಕೆ ಈಗ ಅವನದೇ ಒಪ್ಪಿಗೆ ಇದೆ, ಅವನ ಎದುರಿಗೇ ಓದಿ ಹೇಳಿದ್ದೇನೆ. ಆ ಶುಕ್ರವಾರ ಯಾರ ಒಪ್ಪಿಗೆಯೂ ಇರಲಿಲ್ಲ.

ಊಟ ಮುಗಿಸಿ ನಾನು ಒಂದು ಹಳೇ ದಿವಾನಿನ ಬೆನ್ನಿಗೆ ಬಟ್ಟೆ ಬಿಗಿಯುತ್ತಿದ್ದೆ. ಅವಳು ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಸ್ಟೂಲ್ ಎಳೆದುಕೊಂಡಳು.

"ಕೇಳಿ. ಮಧ್ಯೆ ಬಾಯಿ ಹಾಕ್ಬೇಡಿ. ಅರ್ಥ ಆಗದ ಕಡೆ ಕೈ ಎತ್ತಿ."

ಓದಿದಳು. ಚಪ್ಪಲಿ ಹೊಲಿಯುವ ಒಬ್ಬ ಐವತ್ತು ವರ್ಷದ ಮನುಷ್ಯ. ಕೆಲಸ ಮಾಡುವಾಗ ಸಣ್ಣ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ. ಒಂದು ದಿನ, ಒಂದು ಮೊಳೆ ನುಂಗಿಬಿಟ್ಟೆ ಎಂಬ ಸಂಶಯ ಹೊಕ್ಕಿತು. ಎಕ್ಸ್‌ರೇ ತೆಗೆಸಿದ, ಏನೂ ಇಲ್ಲ. ಮತ್ತೆ ತೆಗೆಸಿದ. ಹನ್ನೊಂದು ಸಲ ತೆಗೆಸಿದ. ಕೆಲಸಕ್ಕೆ ಮೊದಲು ಮೊಳೆ ಎಣಿಸುವುದು, ಆಮೇಲೆ ಎಣಿಸುವುದು, ಲೆಕ್ಕ ಸರಿ ಬಂದರೂ ತಾನು ಎಣಿಸಿದ್ದೇ ತಪ್ಪೇನೋ ಎಂದು ಮತ್ತೆ ಎಣಿಸುವುದು. ಕೊನೆಗೆ ಮಗಳ ತಟ್ಟೆಯ ಊಟವನ್ನೂ ಬೆರಳಿನಿಂದ ಬಿಡಿಸಿ ನೋಡದೆ ತಿನ್ನಲು ಬಿಡುತ್ತಿರಲಿಲ್ಲ. ಮನೆಯವರೇ ತಂದು ಸೇರಿಸಿದರು. ವಾರ್ಡಿನಲ್ಲಿ ಅವನ ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುವ ಕೆಲಸ ಇವಳದು. ಪಕ್ಕದ ಹಾಸಿಗೆಯವನಿಗೆ ದಾರದ ಗಂಟು ಹಾಕುವುದನ್ನು ಕಲಿಸುವಾಗ ಮಾತ್ರ ಅವನು ಏನನ್ನೂ ಎಣಿಸುವುದಿಲ್ಲ ಎಂಬುದನ್ನು ಮೊದಲು ಕಂಡವಳು ಇವಳು. ಅದನ್ನು ಅಲ್ಲಿನ ಸೈಕಾಲಜಿಸ್ಟ್ ಮೇಡಂಗೆ ಹೇಳಿದಳು. ಅವನ ಚಿಕಿತ್ಸೆ ಅಲ್ಲಿಂದಲೇ ದಾರಿಗೆ ಬಂತು.

ಚೆನ್ನಾಗಿ ಬರೆದಿದ್ದಳು. ನಾನು ಸುತ್ತಿಗೆ ಕೆಳಗಿಟ್ಟು ಕೇಳುತ್ತಿದ್ದೆ. ನಾಲ್ಕನೇ ಪುಟದಲ್ಲಿ, ಅವನು ಚೇತರಿಸಿಕೊಂಡು, ಆ ಮೇಡಂ ಎದುರಿಗೇ ಮೊದಲ ಸಲ ಮತ್ತೆ ಬಾಯಿಗೆ ಮೊಳೆ ಹಾಕಿಕೊಂಡ ದಿನದ ಮಾತು ಬಂತು. ಏಳು ಮೊಳೆ. ಎಲ್ಲವೂ ಬಲ ಕೆನ್ನೆಯಲ್ಲಿ. ನಾಲಿಗೆಯಿಂದ ತಿರುಗಿಸಿ, ತಲೆ ಮುಂದೆ ಬರುವಂತೆ ಒಂದೊಂದನ್ನೇ ತುಟಿಗೆ ತಳ್ಳುವುದು. ಎಡಗೈಯಲ್ಲಿ ಹಿಡಿದ ಸುತ್ತಿಗೆಯ ಅಯಸ್ಕಾಂತದ ತುದಿ ಅದನ್ನು ತುಟಿಯಿಂದಲೇ ಎತ್ತಿಕೊಳ್ಳುವುದು.

ನಾನು ನಕ್ಕುಬಿಟ್ಟೆ. "ಏನೇ ಇದು, ನಮ್ಮ ಎಡಗೈನ ಚಪ್ಪಲಿ ಹೊಲಿಯೋಕೆ ಹಚ್ಚಿಬಿಟ್ಟಿದೀಯ!"

ಅವಳು ಓದುವುದು ನಿಲ್ಲಿಸಿದಳು.

ನಾನಿನ್ನೂ ನಗುತ್ತಲೇ ಇದ್ದೆ. ಈಗ ಎಲ್ಲರೂ ಗಾಳಿಯ ಗನ್ನಿನಲ್ಲಿ ಪಿನ್ ಹೊಡೆಯುತ್ತಾರೆ. ಬಾಯಲ್ಲಿ ಮೊಳೆ ಇಟ್ಟುಕೊಳ್ಳುವವರು ಈ ಬೀದಿಯಲ್ಲಿ ಇಬ್ಬರೇ, ಒಬ್ಬ ನಾನು, ಇನ್ನೊಬ್ಬ ಅವನು. ಬಲ ಕೆನ್ನೆ, ಎಡಗೈ, ಏಳು. ಇಬ್ಬರೂ ಸೇರಿ ಒಪ್ಪಿಕೊಂಡ ಕೆಲಸಗಳಲ್ಲಿ ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ನೋಡಿದ್ದೇನೆ. ಆಮೇಲೆ ಎರಡು ತಿಂಗಳು, ತಂಗಿಯ ಮನೆ, ಬಾಗಿಲಲ್ಲೇ ನಿಂತು ಮಾತಾಡಿದ ಅವನ ಹೆಂಡತಿ, ಎಲ್ಲ ಒಂದರ ಹಿಂದೆ ಒಂದು ತಲೆಗೆ ಹೊಳೆಯಿತು. ನಗು ಅಲ್ಲೇ ನಿಂತಿತು.

"ಅವನು ನಿಮ್ಮ ವಾರ್ಡಲ್ಲಿದ್ನಾ?"

ಅವಳು ಕಾಗದಗಳನ್ನು ಎದೆಗೊತ್ತಿಕೊಂಡಳು.

"ಹೇಳೇ! ಆ ಕುರ್ಚಿ ಕೆಲಸ ಬಿಟ್ಟು ಹೋದಾಗ..."

"ಮೆತ್ತಗೆ ಮಾತಾಡಿ." ಬಾಗಿಲ ಕಡೆ ನೋಡಿದಳು. "ಸೇರಿದ ದಿನ ಅವರು ನನ್ನ ಕೈ ಹಿಡ್ಕೊಂಡು ಒಂದೇ ಮಾತು ಕೇಳಿದ್ದು. ಅಕ್ಕ, ನಿಮ್ಮ ಯಜಮಾನ್ರಿಗೆ ಮಾತ್ರ ಗೊತ್ತಾಗ್ಬಾರ್ದು ಅಂತ. ಆಯ್ತು ಅಂದಿದ್ದೆ. ಆರು ತಿಂಗಳು ನೀವು ಬೀದೀಲಿ ನಿಂತು ಬೈತಿದ್ರೂ ಬಾಯಿ ಬಿಡ್ಲಿಲ್ಲ ನಾನು. ಈಗ ನನ್ನ ಬಾಯಾರೆ ಓದಿ ಹೇಳ್ದೆ."

"ಹೆಸರೇ ಹಾಕಿಲ್ವಲ್ಲ. ಊರು ಇಲ್ಲ, ವಯಸ್ಸು ಬೇರೆ, ಕಸುಬು ಬೇರೆ."

"ನೀವು ಕಂಡುಹಿಡಿದ್ರಲ್ಲ."

"ನಾನು ಸೋಫಾದವನು, ಕಂಡುಹಿಡಿದೆ! ಆ ಪ್ರೊಫೆಸರ್‌ಗಳು ಏನು ಮೊಳೆ ಕಚ್ಕೊಂಡು ಕೂತಿರ್ತಾರಾ?"

"ಅವರ ಮನೇಲಿ ಸೋಫಾ ಇರಲ್ವಾ? ರಿಪೇರಿಗೆ ಯಾರು ಬರ್ತಾರೆ?" ಫೈಲ್ ತೆರೆದು ಅರ್ಜಿಯ ಕೊನೆಗೆ ಬೆರಳಿಟ್ಟಳು. "ಕೆಳಗೆ ಸಹಿ ಮಾಡಿದೀನಿ ರೀ. ಯಾರಿಗೂ ತಿಳಿಯದಂತೆ ಬರ್ದಿದೀನಿ ಅಂತ. ಸುಳ್ಳು ಸಹಿ."

ಗಂಟೆ ಎರಡಾಗಿತ್ತು. ನನಗೆ ದಾರಿ ಒಂದೇ ಕಂಡಿತು. ಹನ್ನೆರಡು ಅಂಗಡಿ ಆಚೆ ಇದ್ದಾನೆ, ಹೋಗಿ ಒಪ್ಪಿಗೆಯ ಸಹಿ ಹಾಕಿಸಿಕೊಂಡು ಬಂದರೆ ಆಯಿತು. ಕಾಗದ ಕಿತ್ತುಕೊಂಡು ಎದ್ದೆ. ಅವಳು ಬಾಗಿಲಿಗೆ ಅಡ್ಡ ನಿಂತಳು. ವಾರ್ಡಿನಲ್ಲಿ ಎಂಥೆಂಥವರನ್ನೋ ಹೀಗೆ ನಿಂತು ತಡೆದವಳು.

"ಈ ಮೆಟ್ಟಿಲು ಇಳಿದ್ರೆ ನಾನು ಅರ್ಜಿಯನ್ನೇ ಹರಿದು ಹಾಕ್ತೀನಿ. ನೀವು ಹೋಗಿ ನಿಂತ್ರೆ ಸಾಕು, ನಿಮಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗುತ್ತೆ."

"ಮತ್ತೆ ಏನ್ಮಾಡ್ತೀಯ? ಇನ್ನು ಮೂರೇ ಗಂಟೆ ಇದೆ! ಒಂಬತ್ತು ವರ್ಷ ಆ ಬಟ್ಟೆ ಗಂಟಿನ ಮೇಲೆ ಕೂತು ಓದಿದ್ದು ಇದಕ್ಕಾ? ಅವನಿಗೋಸ್ಕರನಾ? ನನ್ನ ನಡುನೀರಲ್ಲಿ ಬಿಟ್ಟುಹೋದವನಿಗೋಸ್ಕರ?"

"ಹೌದು," ಎಂದಳು. ಅಂದು ಗಡಿಯಾರ ನೋಡಲಿಲ್ಲ.

ನಾನು ಸ್ಟೂಲ್ ಒದ್ದೆ. ಅದು ಹೋಗಿ ಫೋಮಿನ ಹಾಳೆಗಳಿಗೆ ಬಡಿದು ಸದ್ದಿಲ್ಲದೆ ಬಿತ್ತು, ಅದೂ ಸಿಟ್ಟು ತರಿಸಿತು. ಅವಳು ನನ್ನ ಕೈಯಿಂದ ಐದು ಪುಟಗಳನ್ನು ತೆಗೆದುಕೊಂಡು ಮೇಜಿನ ಮೇಲೆ ಮಗುಚಿಟ್ಟಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು.

ಎಡಗೈ.

ಬೆಳಗಿನ ಮಾತಿಗೆ ಉತ್ತರ ಕೊಡಲು ಬಂದಿದ್ದ. ನಾಲ್ಕು ತಿಂಗಳು ನುಂಗಿಕೊಂಡದ್ದನ್ನು ಅಂದು ಉಗುಳಿಯೇ ಹೋಗುವುದೆಂದು ಗಟ್ಟಿ ಮಾಡಿಕೊಂಡು ಬಂದ ಮುಖ. ಒಳಗೆ ಕಾಲಿಟ್ಟವನು ನನ್ನ ಹೆಂಡತಿಯನ್ನು ಕಂಡು ಒಂದು ಕ್ಷಣ ತಡೆದ.

"ಅಕ್ಕ ಇದೀರಾ. ಇರಲಿ, ನಿಮ್ಮ ಮುಂದೇನೇ ಆಗಲಿ. ಲೇ ಕುಕ್ಕರ್, ಬೆಳಗ್ಗೆ ಏನಂದೆ? ಇನ್ನೊಂದ್ಸಲ ಅನ್ನು."

ಅವಳು ನನ್ನನ್ನು ನೋಡಿದಳು. ಹದಿನೇಳು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ಬೇಡಿಕೊಂಡು ನೋಡಿದ್ದು ಅದೊಂದೇ ಸಲ. ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ ಎಂಬುದು ನನಗೆ ಗೊತ್ತು. ತೆರೆದರೆ ಮೊದಲು ಹೊರಬೀಳುವುದು ಯಾವುದು ಎಂದು ಹೇಳಲಾಗದು. ಪಕ್ಕದ ಡಬ್ಬಿಗೆ ಕೈ ಹಾಕಿ, ಸಿಕ್ಕಷ್ಟು ಮೊಳೆ ಬಾಯಿಗೆ ತುಂಬಿಕೊಂಡೆ. ದಿವಾನಿನ ಕಡೆ ತಿರುಗಿ ಹೊಡೆಯತೊಡಗಿದೆ.

"ಯಾಕೆ, ಬಾಯಿ ಬಿದ್ದೋಯ್ತಾ? ಬೀದೀಲಿ ಮಾತ್ರ ಗಂಡಸಾ ನೀನು?"

ಹೊಡೆದೆ.

"ನಾಯಿಗೆ ಬೈದ ಹಾಗೆ ಬೈತೀಯಲ್ಲ ದಿನಾ, ಇವತ್ತು ಎದುರಿಗೇ ಬಂದು ನಿಂತಿದೀನಿ. ಬೈ!"

ಹೊಡೆದೆ. ಬಾಯಲ್ಲಿ ಕಬ್ಬಿಣದ ರುಚಿ. ಒಂದು ಮೊಳೆ ಒಸಡಿಗೆ ಚುಚ್ಚಿ ರಕ್ತ ಬಂತು. ಅಷ್ಟೊಂದು ಮೊಳೆಗಳನ್ನು ನಾನು ಯಾವತ್ತೂ ಬಾಯಿಗೆ ಹಾಕಿದವನಲ್ಲ. ನಾಲಿಗೆ ತಿರುಗಿಸಲು ಜಾಗವಿರಲಿಲ್ಲ, ಎಂಜಲು ನುಂಗುವಂತಿರಲಿಲ್ಲ. ಬೆನ್ನ ಹಿಂದೆ ಅವನ ಮಾತು ನಿಂತುಹೋಯಿತು. ತಿರುಗಿದೆ. ಅವನು ನನ್ನ ಉಬ್ಬಿದ ಕೆನ್ನೆಗಳನ್ನೇ ನೋಡುತ್ತಿದ್ದ. ಜಗಳಕ್ಕೆ ಬಂದ ಮುಖ ಹೋಗಿ ಇನ್ನೊಂದು ಮುಖ ಬಂದಿತ್ತು. ಹಣೆಯಲ್ಲಿ ಬೆವರು.

"ಎಷ್ಟು ಹಾಕ್ಕೊಂಡೆ?" ಎಂದ.

ನಾನು ತಲೆ ಅಲ್ಲಾಡಿಸಿದೆ.

"ಎಷ್ಟು ಹಾಕ್ಕೊಂಡ್ಯೋ? ಉಗುಳು! ಉಗುಳೋ, ನುಂಗಿಬಿಡ್ತೀಯ!" ನನ್ನ ಗದ್ದದ ಕೆಳಗೆ ಎಡಗೈ ಒಡ್ಡಿದ.

ಉಗುಳಿದೆ. ಎಂಜಲು, ರಕ್ತ, ಮೊಳೆ ಎಲ್ಲ ಅವನ ಅಂಗೈಗೆ ಬಿತ್ತು. ಅವನ ಬಲಗೈಯ ತೋರುಬೆರಳು ತಾನಾಗಿ ಹೋಗಿ ಒಂದೊಂದನ್ನೇ ಬೇರೆ ಮಾಡತೊಡಗಿತು. ಒಂದು, ಎರಡು, ಮೂರು. ತುಟಿ ಅಲುಗುತ್ತಿತ್ತು. ನನ್ನ ಹೆಂಡತಿ ಅವನ ಬೆರಳನ್ನೇ ನೋಡುತ್ತ ನಿಂತಿದ್ದಳು, ಮುಂದೆ ಹೋಗಲಿಲ್ಲ. ಆರಕ್ಕೋ ಏಳಕ್ಕೋ ಬಂದಾಗ ಅವನ ಬೆರಳು ನಿಂತಿತು. ಅವನು ಕಣ್ಣು ಮುಚ್ಚಿಕೊಂಡ. ನಿಧಾನವಾಗಿ ಮುಷ್ಟಿ ಬಿಗಿದ, ಎಣಿಸದೆ ಉಳಿದವು ಉಳಿದ ಹಾಗೆಯೇ. ಮುಷ್ಟಿಯನ್ನು ಡಬ್ಬಿಯ ಮೇಲೆ ಹಿಡಿದು ಬಿಡಿಸಿದ. ಮೊಳೆಗಳೆಲ್ಲ ಉಳಿದ ಮೊಳೆಗಳೊಳಗೆ ಸೇರಿಹೋದವು.

ಆಮೇಲೆ ಅವಳ ಕಡೆ ತಿರುಗಿದ.

"ಹೇಳ್ಬಿಟ್ರಾ ಅಕ್ಕ?"

"ಅವಳೇನೂ..." ಎಂದು ನಾನು ಶುರು ಮಾಡಿದೆ.

"ನೀನು ಸುಮ್ನಿರು. ನಿನ್ನ ಬಾಯಿ ಮುಚ್ಚಿದ್ದನ್ನ ಈ ಬೀದೀಲಿ ಯಾರೂ ಯಾವತ್ತೂ ನೋಡಿಲ್ಲ. ಇವತ್ತು ಮುಚ್ತು ಅಂದ್ರೆ ಗೊತ್ತಾಗಲ್ವಾ ನನಗೆ?"

"ಹೇಳಿದೆ," ಎಂದಳು ಅವಳು. "ಹೇಳ್ಬೇಕು ಅಂತ ಹೇಳಿದ್ದಲ್ಲ. ಆದ್ರೆ ಹೇಳಿದ್ದು ನಾನೇ." ಮೇಜಿನ ಮೇಲಿದ್ದ ಪುಟಗಳನ್ನು ತೆಗೆದು ಅವನ ಕೈಗೆ ಕೊಟ್ಟಳು. ಅರ್ಜಿ ಎಂಥದು, ಸೀಟು ಯಾವುದು, ಇವರಿಗೆ ಯಾಕೆ ಓದಿದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಒಂದನ್ನೂ ತನ್ನ ಪರವಾಗಿ ತಿರುಗಿಸಿಕೊಳ್ಳಲಿಲ್ಲ.

ಅವನು ದಿವಾನಿನ ಅಂಚಿನಲ್ಲಿ ಕೂತು ಓದಿದ. ಅವನ ಓದೂ ನನ್ನ ಓದಿನಂತೆಯೇ, ಅಕ್ಷರಕ್ಕೆ ಅಕ್ಷರ ತಡವುತ್ತ ಹೋಗುವುದು. ಐದು ಪುಟಕ್ಕೆ ಇಪ್ಪತ್ತು ನಿಮಿಷ. ಗೋಡೆಯ ಗಡಿಯಾರದ ಮುಳ್ಳು ನನ್ನ ಎದೆಯೊಳಗೇ ಓಡುತ್ತಿತ್ತು.

"ಎಲ್ಲಾ ಸರಿಯಾಗಿ ಬರ್ದಿದೀರಿ," ಎಂದ ಕೊನೆಗೆ. "ಅದೇ ತೊಂದ್ರೆ."

"ಒಂದು ಸಹಿ ಹಾಕ್ಬಿಡೋ ಮಾರಾಯ," ನನಗೆ ತಡೆಯಲಾಗಲಿಲ್ಲ. "ಅವಳಿಗೆ ಇದೇ ಕೊನೇ ವರ್ಷ. ಕುರ್ಚಿ ವಿಷಯ ನಾನಿನ್ನು ಸಾಯೋ ತನಕ ಎತ್ತಲ್ಲ."

"ರೀ!" ಅವಳು ಚೀರಿದಳು. ಅಂಥ ದನಿ ಅವಳಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. "ಅವರ ಹತ್ರ ಏನೂ ಕೇಳೋ ಹಾಗಿಲ್ಲ ನಾವು. ಒಂದು ಲೋಟ ನೀರೂ ಕೇಳೋ ಹಾಗಿಲ್ಲ."

ಎಡಗೈ ಪುಟಗಳನ್ನು ನಾಲ್ಕು ಮಡಿಕೆ ಮಾಡಿದ. "ಸಹಿ ಹಾಕಲ್ಲ ಅಕ್ಕ. ನನ್ನ ಮಗಳು ಇನ್ನೂ ನಾನು ತಂಗಿ ಮನೇಲಿದ್ದೆ ಅಂತಾನೇ ತಿಳ್ಕೊಂಡಿದಾಳೆ. ಇದು ನಂದು, ನಾನು ತಗೊಂಡು ಹೋಗ್ತೀನಿ." ಅಂಗಿಯ ಜೇಬಿಗೆ ಹಾಕಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನನಗೆ ಹೇಳಿದ: "ಕುರ್ಚಿ ಬಿಟ್ಟು ಹೋಗಿದ್ದು ನಿಜ. ಬೈಯೋದಿದ್ರೆ ಬೈ. ನಾಳೆಯಿಂದ ನೀನು ಸುಮ್ನಾದೆ ಅನ್ನು, ಯಾಕೆ ಅಂತ ಬೀದಿ ಕೇಳುತ್ತೆ. ಈಗಲೂ ಹೊರಗೆ ನಾಲ್ಕು ಜನ ಕಿವಿ ಚಾಚ್ಕೊಂಡು ನಿಂತಿದಾರೆ. ಬಾ, ಬೈದು ಕಳ್ಸು."

ಅವನು ಮೆಟ್ಟಿಲಿಳಿದ. ನಾನು ಬಾಗಿಲಿಗೆ ಬಂದು ನಿಂತೆ. ಎದುರಿನ ಗಾಜಿನಂಗಡಿಯವನು, ಅವನ ಗಿರಾಕಿಗಳು, ಎಲ್ಲರೂ ಬೇರೆಲ್ಲೋ ನೋಡುವವರಂತೆ ನಿಂತಿದ್ದರು. "ಹೋಗೋ ಹೋಗು! ಕೈಲಾಗದವನೇ! ಇನ್ನೊಂದ್ಸಲ ಈ ಕಡೆ ಕಾಲಿಟ್ಟೆ ಅಂದ್ರೆ ನೋಡು!" ಎಂದು ಕೂಗಿದೆ. ಸಿಟ್ಟಿಲ್ಲದೆ ಬೈಯುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ದನಿ ಎರಡು ಕಡೆ ಕೈಕೊಟ್ಟಿತು. ಅವನು ತಿರುಗಿ ನೋಡದೆ, ಸರಿಯಾಗಿ ಬೈಸಿಕೊಂಡವನ ನಡಿಗೆಯಲ್ಲಿ ಹೋದ.

ಒಳಗೆ ಬಂದಾಗ ಅವಳು ಕತ್ತರಿಸುವ ಮೇಜಿನ ಮೇಲಿನ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಬಿಳಿ ಹಾಳೆ ಇಟ್ಟುಕೊಂಡಿದ್ದಳು. ಮೂರು ಗಂಟೆ. ಬೇರೆ ಯಾರ ಬಗ್ಗೆಯಾದರೂ ಬರೆ ಎಂದೆ. ಹದಿನೆಂಟು ವರ್ಷ, ಸಾವಿರ ಜನ ಬಂದು ಹೋಗಿದ್ದಾರೆ.

"ಎಲ್ರೂ ಯಾರೋ ಒಬ್ರ ಪಕ್ಕದ ಅಂಗಡಿಯವರೇ," ಎಂದಳು.

ಬರೆದಳು. ನಾನು ಮೊಳೆ ಹೊಡೆಯಲಿಲ್ಲ, ಫ್ಯಾನ್ ಕೂಡ ಆರಿಸಿದೆ. ನಾಲ್ಕೂಕಾಲಿಗೆ ಪೆನ್ನು ಇಟ್ಟಳು. ಎರಡು ಪುಟ. ಈ ಸಲ ಓದಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯಲ್ಲಿ ಸ್ಕೂಟರಿನ ಹಿಂದೆ ಕೂತು ಕಿವಿಯ ಹತ್ತಿರ ಅಷ್ಟು ಮಾತ್ರ ಹೇಳಿದಳು: ಒಬ್ಬರ ಬಗ್ಗೆ ಬರೆದಿದ್ದೆ, ಮನೆಯವರಿಗೆ ಓದಿದೆ, ಮನೆಯವರು ಒಡನೆ ಗುರುತು ಹಿಡಿದರು. ಎಲ್ಲಿ ಎಡವಿದೆ, ಆ ಮನುಷ್ಯನಿಗೆ ಏನು ಮಾಡಿದೆ, ಅವರು ಏನಂದರು, ಇಷ್ಟೇ ಇದೆ. ಅವರ ರೋಗ ಇಲ್ಲ, ಕಸುಬು ಇಲ್ಲ, ಗಂಡೋ ಹೆಣ್ಣೋ ಅದೂ ಇಲ್ಲ.

ಕಿಟಕಿಯಲ್ಲಿ ಅದೇ ಗುಮಾಸ್ತ. ನಾಲ್ಕು ಐವತ್ತು. ಫೈಲ್ ತಿರುವಿದ. "ಐದು ಪುಟ ಅಂತ ಇದೆ. ಇದು ಎರಡು."

"ಎರಡೇ ಸರ್."

"ಈ ಸಹಿ ಯಾಕೆ ಹೊಡೆದು ಹಾಕಿದೀರಿ?"

"ಪಕ್ಕದಲ್ಲಿ ಬರ್ದಿದೀನಿ ಸರ್. ಮೊದಲ ಸಲ ತಪ್ಪಿದೆ, ಈಗ ಸರಿ ಮಾಡಿದೀನಿ ಅಂತ. ಅದರ ಕೆಳಗೆ ಹೊಸ ಸಹಿ ಇದೆ."

"ಒಳಗೆ ಇದನ್ನ ಕಸದಬುಟ್ಟಿಗೆ ಹಾಕ್ತಾರೆ. ಆಮೇಲೆ ನನ್ನ ಬಂದು ಕೇಳ್ಬೇಡಿ."

ನನ್ನ ತಲೆ ಬಿಸಿಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಅವಳ ಚಪ್ಪಲಿಯ ಹಿಮ್ಮಡಿ ನನ್ನ ಹೆಬ್ಬೆರಳ ಮೇಲಿತ್ತು. ಮೊಹರು ಬೀಳುವವರೆಗೂ ಅದನ್ನು ಎತ್ತಲಿಲ್ಲ.

ಮೂರು ವಾರಕ್ಕೆ ಸಂದರ್ಶನದ ಕಾಗದ ಬಂತು. ಒಂದು ಸೀಟಿಗೆ ಐದು ಜನ. ಉಳಿದವರು ನರ್ಸ್‌ಗಳು, ಲ್ಯಾಬಿನವರು, ಎಲ್ಲರೂ ಇವಳಿಗಿಂತ ಹತ್ತು ವರ್ಷ ಚಿಕ್ಕವರು, ಕೈಯಲ್ಲಿ ದಪ್ಪ ಫೈಲುಗಳು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಬಾಗಿಲ ಮೇಲಿನ ಗಾಜು ಅರ್ಧ ತೆರೆದಿತ್ತು, ಒಳಗಿನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಒಬ್ಬ ಗಂಡಸಿನ ದನಿ ಅವಳನ್ನು ಬಿಡುತ್ತಲೇ ಇರಲಿಲ್ಲ.

"ಕಸುಬಾದ್ರೂ ಹೇಳಿ. ಇಲ್ಲಿರೋದು ಡಾಕ್ಟರ್‌ಗಳೇ, ಹೊರಗೆ ಹೋಗಲ್ಲ."

"ಇಲ್ಲ ಸರ್."

"ನಿಮ್ಮ ಮನೆಯವರು ಹೇಗೆ ಗುರುತು ಹಿಡಿದ್ರು? ಅಷ್ಟು ತಿಳಿದ್ರೆ ತಪ್ಪು ಎಲ್ಲಾಯ್ತು ಅಂತ ನಾವೂ ನೋಡಬಹುದು."

"ಅದು ಹೇಳಿದ್ರೆ ಎಲ್ಲಾ ಹೇಳಿದ ಹಾಗೆ ಸರ್."

"ವಿವರಾನೇ ಇಲ್ದೆ ನಿಮ್ಮನ್ನ ಯಾವುದರ ಮೇಲೆ ತೂಗೋದು ನಾವು? ಉಳಿದ ನಾಲ್ವರು ಐದೈದು ಪುಟ ಬರ್ದಿದಾರೆ."

ನಾನು ಬೆಂಚಿನಿಂದ ಅರ್ಧ ಎದ್ದೆ. ಹೇಳಿಬಿಡೇ, ಚಪ್ಪಲಿ ಅಂತಲೋ ಬಡಗಿ ಅಂತಲೋ ಒಂದು ಸುಳ್ಳಾದರೂ ಹೇಳು ಎಂದು ಒಳಗೊಳಗೇ ಕೂಗಿಕೊಂಡೆ.

"ಒಂದು ಸಲ ಹೇಳಿ ಆಗಿದೆ ಸರ್," ಎಂದಳು. "ಎರಡನೇ ಸಲ ಹೇಳಲ್ಲ."

ಹೊರಗೆ ಬಂದಾಗ ಮುಖದಲ್ಲಿ ಬಣ್ಣವಿರಲಿಲ್ಲ. "ಹೋಯ್ತು," ಎಂದು ನನ್ನ ಪಕ್ಕ ಕೂತಳು. ಮನೆಗೆ ಹೋಗೋಣ ಎಂದೆ. ನಾಲ್ಕಕ್ಕೆ ಪಟ್ಟಿ ಹಾಕುತ್ತಾರಂತೆ, ನೋಡಿಕೊಂಡೇ ಹೋಗೋಣ, ಇಲ್ಲದಿದ್ದರೆ ಮನಸ್ಸು ಇಲ್ಲೇ ಉಳಿಯುತ್ತದೆ ಎಂದಳು. ಎರಡು ಗಂಟೆ ಆ ಬೆಂಚಿನ ಮೇಲೆ ಕೂತೆವು. ಬೇರೆಯವರು ಒಳಗೆ ಹೋಗಿ ನಗುತ್ತ ಹೊರಗೆ ಬರುತ್ತಿದ್ದರು.

ಜವಾನ ಬಂದು ಹಲಗೆಗೆ ಒಂದೇ ಒಂದು ಹಾಳೆ ಚುಚ್ಚಿದ. ಅವಳು ಏಳಲಿಲ್ಲ, ನಾನೇ ಹೋದೆ. ನಾನು ಎಷ್ಟೇ ನಿಧಾನ ಓದಲಿ, ಅವಳ ಹೆಸರನ್ನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಆಯ್ಕೆಯಾದವರು ಎಂಬುದರ ಕೆಳಗೆ ಅದೊಂದೇ ಹೆಸರಿತ್ತು. ನಾನು ಕಿರುಚಿದ ಸದ್ದಿಗೆ ಎರಡು ಕೋಣೆಗಳ ಬಾಗಿಲು ತೆರೆದವು. ಅವಳು ಬಂದು ಹಾಳೆಯ ಮೇಲೆ ಬೆರಳಿಟ್ಟು ಓದಿದಳು, ಇನ್ನೊಮ್ಮೆ ಓದಿದಳು, ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದಳು.

ತೆರೆದ ಬಾಗಿಲೊಂದರಿಂದ ನೆರೆಗೂದಲಿನ ಒಬ್ಬ ಮೇಡಂ ಹೊರಗೆ ಬಂದರು. ಸಂದರ್ಶನದಲ್ಲಿ ಒಂದು ಮಾತೂ ಆಡದೆ ಕೂತಿದ್ದವರು ಇವರೇ, ಆ ವಿಭಾಗದ ಮುಖ್ಯಸ್ಥೆ ಎಂದು ಅವಳು ಆಮೇಲೆ ಹೇಳಿದಳು.

"ಸೋಮವಾರ ಒಂಬತ್ತಕ್ಕೆ ಬನ್ನಿ," ಎಂದರು ಅವಳಿಗೆ. ಆಮೇಲೆ ನನ್ನ ಕಡೆ ತಿರುಗಿ ಮುಗುಳ್ನಕ್ಕರು. "ಓ, ಗುರುತು ಹಿಡಿದ ಮನೆಯವರು ನೀವೇನಾ? ಏನು ಕೆಲಸ ಮಾಡ್ತೀರಿ?"

ಸೋಫಾ ಎಂಬ ಮಾತು ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಪಕ್ಕದಲ್ಲಿ ಅವಳು ಉಸಿರು ನಿಲ್ಲಿಸಿದ್ದು ನನಗೆ ಕೇಳಿಸಿತು.

"ಅಂಗಡಿ ಇದೆ ಮೇಡಂ."

"ಏನಂಗಡಿ?"

"ಸುಮ್ನೆ... ಒಂದು ಅಂಗಡಿ ಮೇಡಂ."

ಅವರ ಕಣ್ಣು ಸುತ್ತಿಗೆಯ ಏಟಿಗೆ ಉಗುರು ಕಪ್ಪಾದ ನನ್ನ ಬೆರಳುಗಳ ಕಡೆ ಹೋಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.